ಕರ್ಸರ್ ಎಲ್ಲಿದೆ ಮಾರಾಯ್ತಿ?

ಕಂಪ್ಯೂಟರಿನಲ್ಲಿ ಬರೆಯುವಾಗ ನಮ್ಮ ಕಣ್ಣು ಅಕ್ಷರಗಳ ಮೇಲಿರುತ್ತದೆ. ಪಕ್ಕದಲ್ಲಿ ಮಿನುಗುವ ಸಣ್ಣ ಗೆರೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಇರಬೇಕಾದ ಜಾಗದಲ್ಲಿ ಇರುವಷ್ಟು ಹೊತ್ತು ಅದರ ನೆನಪೇ ಬರುವುದಿಲ್ಲ. ಆ ಗೆರೆಯ ಹೆಸರು ಕರ್ಸರ್. ಕಳೆದ ಎರಡು ತಿಂಗಳು ನಾನು ಮತ್ತು ನನ್ನ ಗೆಳತಿ ಅದರ ಹಿಂದೆಯೇ ಓಡಿದ್ದೇವೆ. ಆ ಓಟದಲ್ಲಿ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಕರ್ಸರ್ ಲ್ಯಾಟಿನ್ ಮೂಲದ ಪದ. ಓಡುವವನು ಎಂದು ಅದರ ಅರ್ಥ. ಕ್ಯಾಲ್ಕುಲೇಟರ್ ಬರುವ ಮೊದಲು ಎಂಜಿನಿಯರುಗಳು ಲೆಕ್ಕಕ್ಕೆ ಬಳಸುತ್ತಿದ್ದ ಸ್ಲೈಡ್ ರೂಲಿನಲ್ಲಿ ತೆಳುವಾದ ಗೆರೆ ಇದ್ದ ಒಂದು ಪಾರದರ್ಶಕ ತುಂಡು ಅತ್ತಿತ್ತ ಜಾರುತ್ತಿತ್ತು. ಅದನ್ನೂ ಕರ್ಸರ್ ಎಂದೇ ಕರೆಯುತ್ತಿದ್ದರು. ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಮದ್ರಸದಲ್ಲಿ ಅಲಿಫ್, ಬಾ ಕಲಿತವರಿಗೆ ಉಸ್ತಾದರ ಬೆರಳು ನೆನಪಿರಬಹುದು. ಅಕ್ಷರದ ಕೆಳಗೆ ಬೆರಳಿಟ್ಟು ಓದಿಸುತ್ತಿದ್ದರು. ಬೆರಳು ಇದ್ದಲ್ಲಿ ಕಣ್ಣು, ಕಣ್ಣು ಇದ್ದಲ್ಲಿ ಬಾಯಿ. ಬೆರಳು ಒಂದು ಅಕ್ಷರದ ಮೇಲೆ, ಓದುವುದು ಇನ್ನೊಂದನ್ನು ಎಂದಾದರೆ ಇಡೀ ಸಾಲೇ ತಪ್ಪಿಹೋಗುತ್ತದೆ. ಕರ್ಸರ್ ಮಾಡುವ ಕೆಲಸವೂ ಅಷ್ಟೆ. ನೀನು ಮುಂದೆ ಒತ್ತುವ ಅಕ್ಷರ ಬೀಳುವುದು ಇಲ್ಲೇ ಎಂದು ಅದು ತೋರಿಸುತ್ತದೆ.

ನನ್ನ ಗೆಳತಿಗೆ ಹುಟ್ಟಿನಿಂದಲೇ ದೃಷ್ಟಿ ಕಡಿಮೆ. ಕನ್ನಡಕದಿಂದ ಸರಿಹೋಗುವಂಥದ್ದಲ್ಲ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತೇವೆ. ಅವಳು ಉಬುಂಟುವಿನ ಜೂಮ್ ಸೌಲಭ್ಯ ಹಾಕಿಕೊಂಡು ಪರದೆಯನ್ನು 4 ಪಟ್ಟು ದೊಡ್ಡದು ಮಾಡಿ ನೋಡುತ್ತಾಳೆ. ಅಗಲವೂ 4 ಪಟ್ಟು, ಎತ್ತರವೂ 4 ಪಟ್ಟು. ಅಂದರೆ ಒಂದು ಸಲಕ್ಕೆ ಅವಳಿಗೆ ಕಾಣುವುದು ಪರದೆಯ 16ರಲ್ಲಿ 1 ಭಾಗ ಮಾತ್ರ. ಕೀಲಿಯ ರಂಧ್ರದಿಂದ ಕೋಣೆ ನೋಡಿದ ಹಾಗೆ. ನಮಗೆ ಕರ್ಸರ್ ಕಾಣದಿದ್ದರೆ ಕಣ್ಣು ಹಾಯಿಸಿದರೆ ಸಾಕು, ಸಿಗುತ್ತದೆ. ಅವಳು ಹುಡುಕಬೇಕಾದರೆ ಆ ಕಿಂಡಿಯನ್ನು ಮೂಲೆಯಿಂದ ಮೂಲೆಗೆ ಎಳೆದುಕೊಂಡು ಹೋಗಬೇಕು. ‘ಕರ್ಸರ್ ಎಲ್ಲಿದೆ ಮಾರಾಯ್ತಿ?’ ಎಂಬ ಮಾತನ್ನು ಈ ವರ್ಷ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆದರೂ ಅವಳಿಗೆ ಬರೆಯುವ ಹುಚ್ಚು. ಮೊದಲೆಲ್ಲ ಮನೆಯಲ್ಲಿ ತಮ್ಮನಿಗೆ ಹೇಳಿ ಬರೆಸುತ್ತಿದ್ದಳು. ‘ನಾನು ಹತ್ತು ವಾಕ್ಯ ಹೇಳಿದರೆ ಅವನು ನಾಲ್ಕು ಬರೆಯುತ್ತಾನೆ, ಕೇಳಿದರೆ ಎರಡೂ ಒಂದೇ ಅಲ್ವಾ ಅಂತಾನೆ’ ಎಂದು ನಗುತ್ತಿದ್ದಳು. ಮೊಬೈಲಿನಲ್ಲಿ ಬಾಯಲ್ಲಿ ಹೇಳಿ ಬರೆಸಬಹುದು, ಆದರೆ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಕೆಲವು ಮಾತುಗಳನ್ನು ಇನ್ನೊಬ್ಬರ ಕೈಗೂ ಕೊಡಲಾಗದು, ಕಿವಿಗೂ ಹಾಕಲಾಗದು. ತಾನೇ ಬರೆದು, ತಾನೇ ಓದಿ, ತಾನೇ ಅಳಿಸಬೇಕು ಎನ್ನುವುದು ಅವಳ ಆಸೆ. ನಾವೆಲ್ಲ ಒಂದು ನೋಟ್ ಪುಸ್ತಕ ತೆಗೆದರೆ ಮುಗಿಯುವ ಕೆಲಸ ಅದು.

ನಮ್ಮ ಲ್ಯಾಬಿನ ಯಂತ್ರಗಳು ಹಳೆಯವು. ದೊಡ್ಡ ಆಫೀಸ್ ತಂತ್ರಾಂಶ ತೆರೆದು ಜೂಮ್ ಹಾಕಿದರೆ ಒಂದು ಅಕ್ಷರ ಒತ್ತಿ ಸ್ವಲ್ಪ ಕಾಯಬೇಕು. ಆದರೆ ಪೈಥಾನ್ ಅಭ್ಯಾಸಕ್ಕೆ ತೆರೆಯುವ ಟರ್ಮಿನಲ್, ಅದೇ ಆ ಕಪ್ಪು ಪರದೆ, ಅವಳಿಗೆ ಬಹಳ ಇಷ್ಟ. ಕಪ್ಪಿನ ಮೇಲೆ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಅಕ್ಷರದ ಗಾತ್ರವನ್ನು ಎರಡು ಗುಂಡಿಯಲ್ಲಿ ಹೆಚ್ಚಿಸಬಹುದು. ಚಿತ್ರ, ಜಾಹೀರಾತು ಯಾವುದರ ಗದ್ದಲವೂ ಇಲ್ಲ. ಹಾಗಾಗಿ ಈ ಸಲದ ಪ್ರಾಜೆಕ್ಟಿಗೆ ಟರ್ಮಿನಲ್ಲಿನಲ್ಲೇ ನಡೆಯುವ ಒಂದು ಪುಟ್ಟ ನೋಟ್‌ಬುಕ್ ಪ್ರೋಗ್ರಾಂ ಮಾಡೋಣ ಎಂದು ಇಬ್ಬರೂ ತೀರ್ಮಾನಿಸಿದೆವು. ಮೇಲೆ ಶೀರ್ಷಿಕೆಗೆ ಒಂದು ಚೌಕ, ಕೆಳಗೆ ಬರಹಕ್ಕೆ ಒಂದು ಚೌಕ, ಉಳಿಸಲು ಒಂದು ಗುಂಡಿ. ಬರೆಯುವ ಚೌಕವನ್ನು ಸೊನ್ನೆಯಿಂದ ಮಾಡುವ ಅಗತ್ಯವಿಲ್ಲ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಸಿದ್ಧ ಘಟಕ ಇದೆ ಎಂದು ಲ್ಯಾಬ್ ಮೇಡಂ ಹೇಳಿದರು. ಅದನ್ನೇ ತಂದು ಜೋಡಿಸಿದೆವು. ನೋಡಲು ಚಂದವಾಗಿತ್ತು. ಕರ್ಸರ್ ಇರುವಲ್ಲಿ ನೀಲಿ ಬಣ್ಣದ ಒಂದು ಚೌಕ ಹೊಳೆಯುತ್ತಿತ್ತು.

ಅವಳು ಬಂದು ಕೂತು, ಜೂಮ್ ಹಾಕಿ, ಬರೆಯತೊಡಗಿದಳು. ಸಾಮಾನ್ಯವಾಗಿ ಆ ಜೂಮ್ ಕಿಂಡಿ ಕರ್ಸರ್ ಹೋದಲ್ಲೆಲ್ಲ ತಾನೇ ಹಿಂಬಾಲಿಸಿ ಹೋಗುತ್ತದೆ. ಇಲ್ಲಿ ಅದು ಪರದೆಯ ಕೆಳಗಿನ ಬಲ ಮೂಲೆಗೆ ಹೋಗಿ ನಿಂತುಬಿಟ್ಟಿತು. ಅವಳು ಬರೆಯುತ್ತಿದ್ದದ್ದು ಮೇಲೆ, ಅವಳಿಗೆ ಕಾಣುತ್ತಿದ್ದದ್ದು ಕೆಳಗಿನ ಖಾಲಿ ಕತ್ತಲೆ. ಕನ್ನಡ ಕೀಲಿಮಣೆ ಹಾಕಿದಾಗ ಇನ್ನೊಂದು ವಿಚಿತ್ರ ಕಾಣಿಸಿತು. ಕನ್ನಡ ಟೈಪ್ ಮಾಡುವಾಗ ಅಕ್ಷರ ಪೂರ್ತಿಯಾಗುವ ಮೊದಲು ಅದರ ಅರ್ಧ ರೂಪ ಕರ್ಸರ್ ಇರುವ ಜಾಗದಲ್ಲಿ ಅಡಿಗೆರೆಯೊಂದಿಗೆ ಕಾಣುತ್ತದಲ್ಲವೇ? ಅದೂ ಹೋಗಿ ಆ ಮೂಲೆಯಲ್ಲೇ ಮೂಡುತ್ತಿತ್ತು. ಅಕ್ಷರ ಮುಗಿದ ಮೇಲೆ ಮೇಲಕ್ಕೆ ಜಿಗಿಯುತ್ತಿತ್ತು. ನಾನು ನೀಲಿ ಚೌಕ ತೋರಿಸಿ, ‘ಇಲ್ಲೇ ಇದೆಯಲ್ಲ ಕರ್ಸರ್’ ಎಂದೆ. ‘ಅದು ನಿನಗೆ ಕಾಣುವುದು. ನನ್ನ ಜೂಮಿಗೆ ಅದು ಕರ್ಸರ್ ಅಂತ ಗೊತ್ತಿಲ್ಲ’ ಎಂದಳು. ಅವಳ ಮಾತು ಅಕ್ಷರಶಃ ನಿಜವಾಗಿತ್ತು.

ಇದು ಅರ್ಥವಾಗಲು ಟರ್ಮಿನಲ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿಯಬೇಕು. ಮೊದಲು ಕಂಪ್ಯೂಟರಿಗೆ ಜೋಡಿಸುತ್ತಿದ್ದದ್ದು ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರ. ಅದರಲ್ಲಿ ಕರ್ಸರ್ ಬೇಕಾಗಿರಲಿಲ್ಲ. ಕಾಗದದ ಮೇಲೆ ಅಚ್ಚೊತ್ತುವ ಭಾಗ ಎಲ್ಲಿದೆಯೋ ಮುಂದಿನ ಅಕ್ಷರವೂ ಅಲ್ಲೇ. ಕಾಗದದ ಬದಲು ಗಾಜಿನ ಪರದೆ ಬಂದಾಗ ಆ ಜಾಗವನ್ನು ತೋರಿಸಲು ಒಂದು ಗುರುತು ಬೇಕಾಯಿತು. 1978ರಲ್ಲಿ ಡಿಇಸಿ ಎಂಬ ಅಮೆರಿಕದ ಕಂಪನಿ ವಿಟಿ100 ಎಂಬ ಟರ್ಮಿನಲ್ ತಂದಿತು. 24 ಸಾಲು, ಪ್ರತಿ ಸಾಲಿನಲ್ಲಿ 80 ಅಕ್ಷರ. ಚೌಕಾಬಾರದ ಮನೆಗಳ ಹಾಗೆ ಒಟ್ಟು 1920 ಮನೆಗಳು. ಅವುಗಳಲ್ಲಿ ಯಾವುದೋ ಒಂದು ಮನೆಯಲ್ಲಿ ಕರ್ಸರ್. ಇಂದು ನಾವು ತೆರೆಯುವ ಟರ್ಮಿನಲ್ ಕಿಟಕಿಗಳು ಈಗಲೂ ಆ ಹಳೆಯ ಯಂತ್ರದ ಭಾಷೆಯನ್ನೇ ಆಡುತ್ತವೆ. ಪ್ರೋಗ್ರಾಂ ಕಳಿಸುವ ಅಕ್ಷರಗಳ ನಡುವೆ ಎಸ್ಕೇಪ್ ಎಂಬ ಸಂಕೇತ ಬಂದರೆ ಅದು ಬರಹವಲ್ಲ, ಆಜ್ಞೆ ಎಂದು ಟರ್ಮಿನಲ್ ತಿಳಿಯುತ್ತದೆ. 5ನೇ ಸಾಲಿನ 12ನೇ ಮನೆಗೆ ಹೋಗು, ಅಕ್ಷರದ ಬಣ್ಣ ಬದಲಿಸು, ಹೀಗೆ. ಕರ್ಸರನ್ನು ಅಡಗಿಸುವ ಮತ್ತು ತೋರಿಸುವ ಆಜ್ಞೆಯೂ ಇದೆ, 1983ರ ವಿಟಿ220 ಯಂತ್ರದ ಕಾಲದ್ದು. ಅದರಲ್ಲಿ 25 ಎಂಬ ಸಂಖ್ಯೆ ಬರುತ್ತದೆ. ಕೊನೆಗೆ ಎಲ್ ಅಕ್ಷರ ಹಾಕಿದರೆ ಅಡಗು, ಎಚ್ ಹಾಕಿದರೆ ಕಾಣಿಸು.

ನಾವು ತಂದ ಘಟಕ ಮಾಡುತ್ತಿದ್ದದ್ದು ಇಷ್ಟು. ಶುರುವಿನಲ್ಲೇ ಆ ಎಲ್ ಆಜ್ಞೆ ಕಳಿಸಿ ಟರ್ಮಿನಲ್ಲಿನ ನಿಜವಾದ ಕರ್ಸರನ್ನು ಅಡಗಿಸುತ್ತಿತ್ತು. ಆಮೇಲೆ ಕರ್ಸರ್ ಇರಬೇಕಾದ ಮನೆಗೆ ನೀಲಿ ಬಣ್ಣ ಬಳಿಯುತ್ತಿತ್ತು. ಅಡಗಿದ ನಿಜವಾದ ಕರ್ಸರ್, ಪರದೆ ಬರೆದು ಮುಗಿದಾಗ ಎಲ್ಲಿತ್ತೋ ಅಲ್ಲೇ, ಕೊನೆಯ ಮೂಲೆಯಲ್ಲಿ, ಕೂತಿರುತ್ತಿತ್ತು. ಹೀಗೆ ಮಾಡುವವರಿಗೂ ಅವರದೇ ಕಾರಣಗಳಿವೆ. ಬಣ್ಣ, ಆಕಾರ ಬೇಕಾದಂತೆ ಇಡಬಹುದು. ಪರದೆ ತುಂಬಿಸುವಾಗ ಕರ್ಸರ್ ಅಲ್ಲಿಂದಿಲ್ಲಿಗೆ ಹಾರುವುದು ಕಾಣುವುದಿಲ್ಲ. ಕಣ್ಣು ಚೆನ್ನಾಗಿರುವವರಿಗೆ ಬಣ್ಣದ ಚೌಕಕ್ಕೂ ನಿಜವಾದ ಕರ್ಸರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಜೂಮ್, ಪರದೆ ಓದಿ ಹೇಳುವ ಓರ್ಕಾದಂಥ ತಂತ್ರಾಂಶ, ಕನ್ನಡ ಟೈಪ್ ಮಾಡಿಸುವ ಐಬಸ್, ಇವು ಯಾವುವೂ ಬಣ್ಣ ನೋಡಿ ಊಹಿಸುವುದಿಲ್ಲ. ಕರ್ಸರ್ ಎಲ್ಲಿದೆ ಎಂದು ಟರ್ಮಿನಲ್ಲನ್ನೇ ಕೇಳುತ್ತವೆ. ಟರ್ಮಿನಲ್ ತನಗೆ ಗೊತ್ತಿದ್ದ ಮೂಲೆಯನ್ನು ಹೇಳುತ್ತದೆ. ಸುಳ್ಳು ಹೇಳಿದವರು ಯಾರೂ ಇಲ್ಲ, ಆದರೂ ಬರೆಯುವವಳು ದಾರಿ ತಪ್ಪುತ್ತಾಳೆ.

ಹಾಗಾಗಿ ಆ ಘಟಕವನ್ನು ಬಿಟ್ಟು ಬರೆಯುವ ಚೌಕವನ್ನು ನಾವೇ ಮಾಡಲು ಹೊರಟೆವು. ಮೊದಲ ನಿಯಮ ಅವಳೇ ಹಾಕಿದಳು: ‘ಬಣ್ಣದ ಕರ್ಸರ್ ಬೇಡ, ಇದ್ದ ಕರ್ಸರನ್ನೇ ಸರಿಯಾದ ಜಾಗಕ್ಕೆ ತಾ.’ ಕ್ರಮ ಸುಲಭವಿದೆ. ಪರದೆ ಬರೆಯುವ ಮುಂಚೆ ಕರ್ಸರನ್ನು ಒಂದು ಕ್ಷಣ ಅಡಗಿಸಬೇಕು, ಇಲ್ಲದಿದ್ದರೆ ಅದು ಮಿಡತೆಯಂತೆ ಹಾರಾಡುವುದು ಕಾಣುತ್ತದೆ. ನಂತರ ಎಲ್ಲ ಸಾಲುಗಳನ್ನು ಬರೆಯಬೇಕು. ಆಮೇಲೆ ಕರ್ಸರನ್ನು ಅದರ ಮನೆಗೆ ಒಯ್ಯಬೇಕು. ಕೊನೆಗೆ ಕಾಣಿಸಬೇಕು. ಪ್ರತಿ ಗುಂಡಿ ಒತ್ತಿದಾಗಲೂ ಈ ನಾಲ್ಕು ಹೆಜ್ಜೆ.

ಮೂರನೇ ಹೆಜ್ಜೆಯಲ್ಲಿ, ಅಂದರೆ ‘ಅದರ ಮನೆ’ ಯಾವುದು ಎಂದು ತಿಳಿಯುವುದರಲ್ಲಿ, ಎಲ್ಲ ಕಷ್ಟ ಇದೆ. ಸಾಲಿನ ಬಲ ತುದಿಯನ್ನೇ ನೋಡಿ. ಸಾಲಿನಲ್ಲಿ 80 ಮನೆ ಇದ್ದು 80 ಅಕ್ಷರ ತುಂಬಿದರೆ ಕರ್ಸರ್ 81ನೇ ಮನೆಯಲ್ಲಿರಬೇಕು. ಅಂಥ ಮನೆಯೇ ಇಲ್ಲ. ವಿಟಿ100 ಕಾಲದಿಂದಲೂ ಟರ್ಮಿನಲ್ ಆಗ ಕರ್ಸರನ್ನು 80ನೇ ಅಕ್ಷರದ ಮೇಲೆಯೇ ನಿಲ್ಲಿಸಿ, ಮುಂದಿನ ಅಕ್ಷರ ಬಂದ ಮೇಲೆ ಕೆಳಗಿನ ಸಾಲಿಗೆ ಇಳಿಯುತ್ತದೆ. ತೋರಿಸುವುದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ. ನಾವು ಕೊನೆಯ ಮನೆಯನ್ನು ಯಾವಾಗಲೂ ಖಾಲಿ ಬಿಟ್ಟು 79ಕ್ಕೇ ಸಾಲು ಮುರಿದೆವು. ಆ ಒಂದು ಮನೆ ಕರ್ಸರಿಗೆ ಮೀಸಲು.

ಕನ್ನಡ ಬಂದಾಗ ಲೆಕ್ಕ ಇನ್ನೂ ಸ್ವಾರಸ್ಯವಾಯಿತು. ‘ವಿದ್ಯಾರ್ಥಿ’ ಎಂಬ ಪದ ತೆಗೆದುಕೊಳ್ಳಿ. ಒಂದನೇ ತರಗತಿಯ ಮಗುವನ್ನು ಕೇಳಿದರೆ ವಿ, ದ್ಯಾ, ರ್ಥಿ, ಮೂರು ಅಕ್ಷರ ಎನ್ನುತ್ತದೆ. ಪೈಥಾನಿನಲ್ಲಿ ಉದ್ದ ಕೇಳಿದರೆ 10 ಎನ್ನುತ್ತದೆ, ಏಕೆಂದರೆ ಯುನಿಕೋಡಿನಲ್ಲಿ ವ್ಯಂಜನ, ಅರ್ಧಾಕ್ಷರದ ಗುರುತು, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ಕಡತದಲ್ಲಿ ಉಳಿಸಿದರೆ ಅದೇ ಪದ 30 ಬೈಟ್. ಇನ್ನು ಟರ್ಮಿನಲ್ ಅದಕ್ಕೆ ಎಷ್ಟು ಮನೆ ಕೊಡುತ್ತದೆ? ಕೆಲವು ಚಿಹ್ನೆಗೆ ಒಂದು ಮನೆ, ಕೆಲವಕ್ಕೆ ಸೊನ್ನೆ. ಎಲ್ಲ ಟರ್ಮಿನಲ್‌ಗಳೂ ಒಂದೇ ರೀತಿ ಎಣಿಸುವುದೂ ಇಲ್ಲ. 3, 10, 30 ಮತ್ತು ಟರ್ಮಿನಲ್ಲಿನ ಲೆಕ್ಕ, ಹೀಗೆ ಒಂದು ಪದಕ್ಕೆ ನಾಲ್ಕು ಉದ್ದ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಈ ನಾಲ್ಕೂ ಒಂದೇ ಆಗಿರುವುದರಿಂದ ಇಂಗ್ಲಿಷ್ ಮಾತ್ರ ಬರೆದು ನೋಡುವವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ.

ಬಾಣದ ಗುಂಡಿ ಒತ್ತಿದರೆ ಕರ್ಸರ್ ಎಷ್ಟು ಮುಂದೆ ಹೋಗಬೇಕು ಎಂದು ಇಬ್ಬರೂ ಚರ್ಚೆ ಮಾಡಿದೆವು. ‘ಮಗು ಎಣಿಸುವ ಹಾಗೆ ಹೋಗಲಿ’ ಎಂದಳು. ಒಂದು ಒತ್ತಿಗೆ ಒಂದು ಇಡೀ ಅಕ್ಷರ. ವ್ಯಂಜನದ ಹಿಂದೆ ಅರ್ಧಾಕ್ಷರದ ಗುರುತು ಇದ್ದರೆ ಅದನ್ನು ಹಿಂದಿನದಕ್ಕೇ ಸೇರಿಸು, ಒತ್ತಕ್ಷರದ ನಡುವೆ ಕರ್ಸರ್ ನಿಲ್ಲಬಾರದು ಎಂಬ ನಿಯಮ ಬರೆದೆವು. ಅಳಿಸುವಾಗ ಮಾತ್ರ ಒಂದೊಂದೇ ಚಿಹ್ನೆ ಹೋಗಲಿ ಎಂದು ಬಿಟ್ಟೆವು. ‘ಕಿ’ ಬರೆಯಲು ಹೋಗಿ ‘ಕೀ’ ಆದರೆ ‘ಕ’ವನ್ನೂ ಕಳೆದುಕೊಳ್ಳುವುದು ಯಾರಿಗೂ ಬೇಡ.

ಆದರೆ ಆ ಅಕ್ಷರ ಎಷ್ಟನೇ ಮನೆಯಲ್ಲಿದೆ ಎಂಬುದು ಹಾಗೆಯೇ ಉಳಿದಿತ್ತು. ಟರ್ಮಿನಲ್ ಹೇಗೆ ಎಣಿಸುತ್ತದೆ ಎಂದು ಪಟ್ಟಿ ಮಾಡುತ್ತಾ ಕೂತರೆ ಇನ್ನೊಂದು ಯಂತ್ರದಲ್ಲಿ ಅದು ಸುಳ್ಳಾಗುತ್ತದೆ. ಇದಕ್ಕೆ ಸಿಕ್ಕ ಉತ್ತರ ಆ ಹಳೆಯ ವಿಟಿ100 ಭಾಷೆಯಲ್ಲೇ ಇತ್ತು. ಎಸ್ಕೇಪ್ ಜೊತೆ 7 ಕಳಿಸಿದರೆ ‘ಈ ಜಾಗ ನೆನಪಿಟ್ಟುಕೋ’ ಎಂದು ಅರ್ಥ. ಎಸ್ಕೇಪ್ ಜೊತೆ 8 ಕಳಿಸಿದರೆ ‘ನೆನಪಿಟ್ಟ ಜಾಗಕ್ಕೆ ವಾಪಸ್ ಹೋಗು’. ಸಾಲನ್ನು ಕರ್ಸರ್ ಇರಬೇಕಾದಲ್ಲಿವರೆಗೆ ಬರೆದು 7 ಎಂದೆವು. ಸಾಲಿನ ಉಳಿದ ಭಾಗವನ್ನೂ ಕೆಳಗಿನ ಸಾಲುಗಳನ್ನೂ ಬರೆದು 8 ಎಂದೆವು. ಕರ್ಸರ್ ತಾನಾಗಿ ತನ್ನ ಮನೆಗೆ ಬಂತು. ನಾವು ಒಂದು ಮನೆಯನ್ನೂ ಎಣಿಸಬೇಕಾಗಲಿಲ್ಲ. ಗೊತ್ತಿರುವವರು ಎದುರಿಗೇ ಇರುವಾಗ ಊಹಿಸುವುದಕ್ಕಿಂತ ಅವರಿಗೇ ಬಿಡುವುದು ಒಳ್ಳೆಯದು ಎಂದು ಮೇಡಂ ಮೆಚ್ಚಿದರು. ಟರ್ಮಿನಲ್ಲಿನಲ್ಲಿ ಕನ್ನಡದ ಒತ್ತುಗಳು ಈಗಲೂ ಪುಸ್ತಕದಲ್ಲಿರುವಷ್ಟು ಅಂದವಾಗಿ ಕಾಣುವುದಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ಬಲದಿಂದ ಎಡಕ್ಕೆ ಓಡುವ ಉರ್ದುವಿನ ಕೆಲಸ ಮುಂದಿನ ಬ್ಯಾಚಿನವರಿಗೆ ಬಾಕಿ ಇದೆ.

ನಿಜವಾದ ಕರ್ಸರ್ ಬಳಸಿದ್ದರಿಂದ ಕೇಳದೆಯೇ ಇನ್ನೂ ಎರಡು ಲಾಭ ಸಿಕ್ಕವು. ಆ ಸಿದ್ಧ ಘಟಕದಲ್ಲಿ ಶೀರ್ಷಿಕೆಯ ಚೌಕದಲ್ಲೂ ಬರಹದ ಚೌಕದಲ್ಲೂ ಒಂದೊಂದು ಬಣ್ಣದ ಗುರುತು ಇರುತ್ತಿತ್ತು, ಒಂದು ನೀಲಿ, ಒಂದು ಬೂದು. ನೀಲಿ ಇದ್ದಲ್ಲಿ ಬರೆಯುತ್ತಿದ್ದೇವೆ ಎಂದು ತಿಳಿಯಬೇಕು. ಅವಳಿಗೆ ನೀಲಿ, ಬೂದು ಎರಡೂ ಒಂದೇ ಮಬ್ಬು. ಟರ್ಮಿನಲ್ಲಿಗೆ ಕರ್ಸರ್ ಇರುವುದೇ ಒಂದು. ಆದ್ದರಿಂದ ಈಗ ಆ ಗೊಂದಲವೇ ಇಲ್ಲ. ಇನ್ನೊಂದು ಲಾಭ ಅವಳಿಗೆ ಇನ್ನೂ ಇಷ್ಟವಾಯಿತು. ಟರ್ಮಿನಲ್ಲಿನ ಸೆಟ್ಟಿಂಗಿನಲ್ಲಿ ಅವಳು ಕರ್ಸರನ್ನು ದಪ್ಪ ಹಳದಿ ಚೌಕ ಮಾಡಿ, ಮಿನುಗುವುದನ್ನು ನಿಲ್ಲಿಸಿದ್ದಾಳೆ. ‘ಮಿನುಗಿದರೆ ಅರ್ಧ ಹೊತ್ತು ಅದು ಇರುವುದೇ ಇಲ್ಲವಲ್ಲ’ ಎನ್ನುವುದು ಅವಳ ವಾದ. ನಮ್ಮ ಪ್ರೋಗ್ರಾಮಿನಲ್ಲೂ ಅದೇ ಹಳದಿ ಚೌಕ ಬಂತು, ನಾವು ಒಂದಕ್ಷರ ಕೋಡ್ ಬರೆಯದೆ. ಬಣ್ಣ ಬಳಿದ ಕರ್ಸರ್ ಪ್ರೋಗ್ರಾಂ ಬರೆದವರ ಇಷ್ಟದಂತೆ ಇರುತ್ತದೆ. ನಿಜವಾದ ಕರ್ಸರ್ ಬಳಸುವವರ ಇಷ್ಟದಂತೆ ಇರುತ್ತದೆ.

ಪ್ರಾಜೆಕ್ಟ್ ಒಪ್ಪಿಸಿದ ಮರುದಿನ, ಶುಕ್ರವಾರ, ಜುಮಾ ಬಿಡುವಿನ ನಂತರ ಲ್ಯಾಬ್ ಖಾಲಿ ಇತ್ತು. ಅವಳು ಒಂದು ಗಂಟೆ ಕೂತು ಬರೆದಳು. ನಾನು ಪಕ್ಕದಲ್ಲಿ ಅಕೌಂಟೆನ್ಸಿ ಲೆಕ್ಕ ಮಾಡುತ್ತಿದ್ದೆ. ಆ ಒಂದು ಗಂಟೆಯಲ್ಲಿ ಅವಳು ನನ್ನನ್ನು ಏನನ್ನೂ ಕೇಳಲಿಲ್ಲ. ಬರೆದು ಮುಗಿಸಿ, ಪೆನ್ ಡ್ರೈವಿಗೆ ಹಾಕಿಕೊಂಡು, ಬ್ಯಾಗಿನ ಒಳಜೇಬಿಗೆ ಸೇರಿಸಿ ಜಿಪ್ ಎಳೆದಳು. ಏನು ಬರೆದಳು ಎಂದು ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ನಮ್ಮ ಪ್ರಾಜೆಕ್ಟ್ ಸಾರ್ಥಕವಾಯಿತು ಎಂದು ನನಗೆ ಅನಿಸಿದ್ದು ಅಂಕ ಬಂದಾಗ ಅಲ್ಲ, ಆ ಜಿಪ್ ಎಳೆದಾಗ.

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಎಷ್ಟೋ ಮಂದಿ ಚಂದದ ಪ್ರಾಜೆಕ್ಟ್ ಮಾಡುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ಬರೆಯುವ ಚೌಕ ಇರುವ ಯಾವ ಪ್ರೋಗ್ರಾಂ ಮಾಡಿದರೂ ಒಪ್ಪಿಸುವ ಮುಂಚೆ ಐದು ನಿಮಿಷ ಕೊಡಿ. ಸೆಟ್ಟಿಂಗಿನಲ್ಲಿ ಜೂಮ್ ಹಾಕಿ 4 ಪಟ್ಟಿನಲ್ಲಿ ಒಂದು ಪ್ಯಾರಾ ಬರೆಯಿರಿ. ಓರ್ಕಾ ಹಾಕಿ, ಕಣ್ಣು ಮುಚ್ಚಿ, ಬಾಣದ ಗುಂಡಿ ಒತ್ತುತ್ತಾ ಅದು ಹೇಳುವ ಅಕ್ಷರ ಸರಿಯೇ ಕೇಳಿ. ಕನ್ನಡ ಕೀಲಿಮಣೆಯಲ್ಲಿ ‘ವಿದ್ಯಾರ್ಥಿ’ ಎಂದು ಬರೆದು ಅದರ ನಡುವೆ ಓಡಾಡಿ. ಸಾಲಿನ ತುದಿವರೆಗೆ ತುಂಬಿಸಿ. ಪ್ರೋಗ್ರಾಂ ಮುಚ್ಚಿದ ಮೇಲೆ ಟರ್ಮಿನಲ್ಲಿನಲ್ಲಿ ಕರ್ಸರ್ ಮತ್ತೆ ಕಾಣುತ್ತಿದೆಯೇ ನೋಡಿ. ಅಡಗಿಸಿ ಹಾಗೇ ಹೊರಟುಹೋಗುವ ಪ್ರೋಗ್ರಾಂಗಳು ಬಹಳ ಇವೆ.

ನಮ್ಮ ನೋಟ್‌ಬುಕ್ ಲ್ಯಾಬಿನ ಕಿಟಕಿ ಬದಿಯ ಯಂತ್ರದಲ್ಲಿದೆ. ಬಂದು ಬರೆದು ನೋಡಿ. ಕರ್ಸರ್ ಎಲ್ಲಾದರೂ ತಪ್ಪಿದರೆ ಬಂದು ತಿಳಿಸಿ. ನನಗಿಂತ ಅವಳಿಗೇ ಹೇಳಿದರೆ ಒಳ್ಳೆಯದು. ಈಗ ಅದರ ಕೋಡ್ ನೋಡಿಕೊಳ್ಳುವವಳು ಅವಳೇ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ